ಕಣ್ಣಿನ ಬೆಲ್ಲ, ನಾಲಗೆಯ ಬೆಲ್ಲ

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಊರವರ ಬಾಯಲ್ಲಿ ಅದು ಹಿರೋಡೆ, ಸರ್ಕಾರದ ಕಾಗದಪತ್ರಗಳಲ್ಲಿ ಫ್ರೆಂಚ್ ರಾಕ್ಸ್. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಮಗ್ಗುಲಲ್ಲಿ ಬೀಡು ಬಿಟ್ಟಿದ್ದರಿಂದ ಬಂದ ಹೆಸರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಫ್ರೆಂಚರ ಕಾಲವೂ ಮುಗಿಯಿತು. ಬಂಡೆಗಳು ಉಳಿದವು, ಸುತ್ತಲೂ ಕಬ್ಬು ಬೆಳೆಯಿತು.

ಆ ಫ್ರೆಂಚರ ನಾಡಿನಲ್ಲಿ ಒಂದು ವಿದ್ಯೆಯಿದೆ. ಹಳೆಯ ವೈನಿನ ರುಚಿ ನೋಡಿ ಅದಕ್ಕೆ ಬೆಲೆ ಕಟ್ಟುವ ವಿದ್ಯೆ. ನಾನು ವೈನ್ ಕುಡಿದವಳಲ್ಲ, ಕುಡಿಯಬೇಕೆಂಬ ಆಸೆಯೂ ಇಲ್ಲ. ಆದರೆ ಮನುಷ್ಯರು ಒಂದು ಪದಾರ್ಥವನ್ನು ಇಷ್ಟು ಶ್ರದ್ಧೆಯಿಂದ ಮೂಸಿ, ನೆಕ್ಕಿ, ಅದರ ಗುಣದೋಷಗಳನ್ನು ಬರೆದಿಡುತ್ತಾರಲ್ಲ ಎಂಬ ಕುತೂಹಲಕ್ಕೆ ಆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದುತ್ತಾ ಓದುತ್ತಾ ನನ್ನ ಕಣ್ಣ ಮುಂದೆ ಬಂದು ನಿಂತದ್ದು ನಮ್ಮ ಬೆಲ್ಲ. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ವರ್ಗವಾದಲ್ಲೆಲ್ಲ ಗಂಟುಮೂಟೆ ಹೊತ್ತು ಪಾಠ ಹೇಳಿದವಳು ನಾನು. ನಾಲ್ಕು ತಾಲ್ಲೂಕಿನ ಬೆಲ್ಲವೂ ನನ್ನ ಡಬ್ಬಿಗೆ ಬಂದು ಹೋಗಿದೆ. ಅದನ್ನು ಅಳೆಯುವ ಬಗೆ ಯಾವುದು, ನಾವು ಹೆಂಗಸರು ಈಗ ಅಳೆಯುತ್ತಿರುವ ಬಗೆ ಸರಿಯೇ ಎಂದು ವಿಚಾರಿಸುವುದೇ ಈ ಬರಹದ ಉದ್ದೇಶ.

ಮೊದಲು ವೈನಿನ ಸಂಗತಿ ಹೇಳಿಬಿಡುತ್ತೇನೆ. ರುಚಿಗಾರನು ಲೋಟವನ್ನು ಬೆಳಕಿಗೆ ಹಿಡಿದು ಮೊದಲು ಬಣ್ಣ ನೋಡುತ್ತಾನೆ. ಕೆಂಪು ವೈನ್ ವಯಸ್ಸಾದಂತೆ ಬಣ್ಣ ಕಳೆದುಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಬಿಳಿ ವೈನ್ ಬಣ್ಣ ಏರಿಸಿಕೊಂಡು ಚಿನ್ನದಂತಾಗುತ್ತದೆ. ಆಮೇಲೆ ಲೋಟವನ್ನು ತಿರುಗಿಸಿ ಮೂಸುತ್ತಾನೆ. ಒಂದು ಗುಟುಕು ಬಾಯಿಗೆ ಹಾಕಿ ನಾಲಗೆಯ ಮೇಲೆಲ್ಲ ಹೊರಳಾಡಿಸಿ, ಉಗಿದು, ಹಿಂದೆ ಉಳಿಯುವ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ಲೆಕ್ಕ ಹಾಕುತ್ತಾನೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದ ಒಗರು ವರ್ಷ ಕಳೆದಂತೆ ಕೂಡಿಕೊಂಡು ಗಸಿಯಾಗಿ ತಳಕ್ಕಿಳಿಯುತ್ತದೆ. ಆಗ ವೈನ್ ಮೆತ್ತಗಾಗುತ್ತದೆ. ಎಲ್ಲ ವೈನೂ ಹೀಗೆ ಮಾಗುವುದಿಲ್ಲ. ಹೆಚ್ಚಿನದು ಒಂದೆರಡು ವರ್ಷದೊಳಗೆ ಕುಡಿದು ಮುಗಿಸಬೇಕಾದದ್ದೇ. ಹುಟ್ಟಿನಲ್ಲಿ ಸತ್ವವಿದ್ದದ್ದು ಮಾತ್ರ ಇಟ್ಟಷ್ಟೂ ಹಿತವಾಗುತ್ತದೆ, ಸತ್ವವಿಲ್ಲದ್ದು ಇಟ್ಟರೆ ಹುಳಿಯಾಗುತ್ತದೆ. ಸೊಟೆರ್ನ್ ಎಂಬ ಸೀಮೆಯ ಸಿಹಿ ವೈನ್ ಬಹಳ ದೀರ್ಘಾಯುಷಿ. ಅಲ್ಲಿ ಬೆಳಗಿನ ಮಂಜಿಗೆ ದ್ರಾಕ್ಷಿಯ ಮೇಲೆ ಒಂದು ಬಗೆಯ ಬೂಷ್ಟು ಹತ್ತುತ್ತದೆ. ಆ ಬೂಷ್ಟು ಹಣ್ಣಿನ ನೀರು ಹೀರಿ ಸಿಹಿಯನ್ನು ಉಳಿಸುತ್ತದೆ. ಅಲ್ಲಿಯ ಡಿಕೆಮ್ ತೋಟದ 1811ನೇ ಇಸವಿಯ ಒಂದು ಬಾಟಲಿಯನ್ನು 2011ರಲ್ಲಿ ಒಬ್ಬರು 75,000 ಪೌಂಡು ಕೊಟ್ಟು ಕೊಂಡರು. ಇನ್ನೂರು ವರ್ಷದ ಸಿಹಿ!

ಇಷ್ಟು ಶಾಸ್ತ್ರೋಕ್ತವಾದ ವಿದ್ಯೆಯಲ್ಲಿಯೂ ಹುಳುಕಿಲ್ಲದೆ ಇಲ್ಲ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ಬೋರ್ಡೋ ಸೀಮೆಯ ದಲ್ಲಾಳಿಗಳು ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಅವರು ಆಧಾರ ಮಾಡಿಕೊಂಡದ್ದು ಮುಖ್ಯವಾಗಿ ಆವರೆಗೆ ಮಾರುಕಟ್ಟೆಯಲ್ಲಿ ಸಿಕ್ಕುತ್ತಿದ್ದ ಬೆಲೆಯನ್ನು. ಆ ಪಟ್ಟಿ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಆದ ದೊಡ್ಡ ಬದಲಾವಣೆಯೆಂದರೆ 1973ರಲ್ಲಿ ಒಂದು ತೋಟಕ್ಕೆ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಬಡ್ತಿ ಸಿಕ್ಕಿದ್ದು. 1976ರಲ್ಲಿ ಪ್ಯಾರಿಸಿನಲ್ಲಿಯೇ ಬಾಟಲಿಯ ಹೆಸರು ಮುಚ್ಚಿಟ್ಟು ಫ್ರೆಂಚ್ ಪರೀಕ್ಷಕರ ಕೈಯಲ್ಲೇ ರುಚಿ ನೋಡಿಸಿದಾಗ ಕೆಂಪು, ಬಿಳಿ ಎರಡರಲ್ಲೂ ಅಮೆರಿಕದ ಕ್ಯಾಲಿಫೋರ್ನಿಯಾದ ವೈನುಗಳು ಮೊದಲು ಬಂದವು. ಅಮೆರಿಕದ ರಾಬರ್ಟ್ ಪಾರ್ಕರ್ ಎಂಬ ವಿಮರ್ಶಕ ನೂರು ಅಂಕಗಳ ಪದ್ಧತಿ ತಂದ. ಅವನ ಅಂಕಗಳು ಶುರುವಾಗುವುದೇ ಐವತ್ತರಿಂದ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಹೀಗಿದ್ದರೆ ಫೇಲಾಗುವವರೇ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ನನಗೆ ಪಾಠವೆನಿಸಿದ್ದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಮೂಸಿ, ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಅದರ ವಾಸನೆಯನ್ನು ಬಣ್ಣಿಸಿದರು. ಕಣ್ಣು ಕೆಂಪೆಂದಿತು, ಮೂಗು ಹೌದೆಂದಿತು. ಕಲಿತವರ ಪಾಡೇ ಹೀಗಾದರೆ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಲ್ಲುವ ನಮ್ಮ ನಿಮ್ಮ ಪಾಡೇನು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳುತ್ತೇವೆ, ಹಳದಿಯಾಗಿರುವ ಬೆಲ್ಲವನ್ನು ಕಂಡರೆ ಆ ಗಾದೆ ಮರೆಯುತ್ತೇವೆ.

ಮಾಗಿದ್ದರ ಬೆಲೆ ನಮಗೂ ಗೊತ್ತಿಲ್ಲದ್ದೇನಲ್ಲ. ಹಳೇ ಅಕ್ಕಿಯ ಅನ್ನ ಉದುರಾಗುತ್ತದೆ, ಹಳೇ ಹುಣಸೆಹಣ್ಣು ಕಪ್ಪಗಾದಷ್ಟೂ ಪುಳಿಯೋಗರೆಯ ಗೊಜ್ಜಿಗೆ ಹದ, ಹಳೇ ಉಪ್ಪಿನಕಾಯಿಯ ಜಾಡಿಗೆ ಮನೆಯಲ್ಲಿ ಹಿರಿಯರಿಗಿರುವಷ್ಟೇ ಗೌರವ. ಹೊಸ ಬೆಲ್ಲ ಕಫ, ವರ್ಷ ಹಳೆಯದಾದ ಬೆಲ್ಲ ಪಥ್ಯ ಎಂದು ಆಯುರ್ವೇದವೂ ಹೇಳುತ್ತದೆ. ನಮ್ಮ ಅತ್ತೆಯವರು ಬಾಣಂತಿಯರಿಗೆಂದು ಅಟ್ಟದ ಮೇಲಿನ ಮಡಕೆಯಲ್ಲಿ ಹಳೇ ಬೆಲ್ಲ ಎತ್ತಿಡುತ್ತಿದ್ದರು. ಮಳೆಗಾಲದ ತೇವ ತಾಗದಂತೆ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಮೇಲ್ಗಡೆಯ ಅಟ್ಟದಲ್ಲೇ ಇಡಬೇಕು ಎನ್ನುವರು. ಫ್ರಾನ್ಸಿನವರು ತಂಪಾದ ನೆಲಮಾಳಿಗೆಯಲ್ಲಿ ಬಾಟಲಿ ಮಲಗಿಸಿದರೆ ನಾವು ಬೆಚ್ಚಗಿನ ಅಟ್ಟದಲ್ಲಿ ಮಡಕೆ ಕೂರಿಸಿದೆವು. ಅವರು ಬರೆದಿಟ್ಟರು, ನಮ್ಮ ಹೆಂಗಸರು ಬರೆದಿಡಲಿಲ್ಲ. ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಬಂದ ವಿದ್ಯೆ, ಸೊಸೆ ಅಂಗಡಿಯ ಪೊಟ್ಟಣ ಕೊಳ್ಳತೊಡಗಿದ ದಿನವೇ ನಿಂತುಹೋಗುತ್ತದೆ.

ಬೆಲ್ಲದ ಗುಣ ಅಳೆಯುವ ಕೆಲಸ ಈ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ಅಲ್ಲಿ ರೈತರು ಮಾಡಿದ ಬೆಲ್ಲವನ್ನು ಕೊಂಡು ಶುದ್ಧಿ ಮಾಡಿ ಸಕ್ಕರೆ ತೆಗೆಯುತ್ತಿದ್ದರು. ಆ ಸಕ್ಕರೆಗೆ 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಪದಕ ಬಂತು. ಬೆಲ್ಲ ಕೆಟ್ಟದಾಗಿದ್ದರೆ ಸಕ್ಕರೆಗೆ ಪದಕ ಬರುತ್ತಿತ್ತೇ? ಪದಕ ಕಾರ್ಖಾನೆಯ ಗೋಡೆ ಸೇರಿತು, ಕೊಪ್ಪರಿಗೆಯ ಮುಂದೆ ಬೆವರು ಸುರಿಸಿದವರ ಹೆಸರು ಎಲ್ಲಿಯೂ ಸೇರಲಿಲ್ಲ. ಈಗ ಕೇಂದ್ರ ಸರ್ಕಾರದ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಗುರುತು. ಹಾಗಾದರೆ ಆ ಗುರುತು ಎಂಥದ್ದಿರಬೇಕು ಎಂದು ಕೇಳುವ ಹಕ್ಕು ತಿನ್ನುವವರಿಗೂ ಇದೆ.

ಬೆಲ್ಲದ ರುಚಿ ಹುಟ್ಟುವುದು ಗದ್ದೆಯಲ್ಲಿ. ಶ್ರೀರಂಗಪಟ್ಟಣದ ಸುತ್ತ ಅರಸರ ಕಾಲದ ಹಳೆಯ ನಾಲೆಗಳ ನೀರು, ಪಾಂಡವಪುರಕ್ಕೆ ವಿಶ್ವೇಶ್ವರಯ್ಯ ನಾಲೆ, ಕೃಷ್ಣರಾಜಪೇಟೆಗೆ ಹೇಮಾವತಿ. ನಾಗಮಂಗಲ ಬಹುಪಾಲು ರಾಗಿ, ತೆಂಗಿನ ಒಣಸೀಮೆ. ಅಲ್ಲಿ ಕಬ್ಬು ಹಾಕಿದವರು ಕೊಳವೆಬಾವಿಯನ್ನು ನಂಬಿರುತ್ತಾರೆ. ನೀರು ನಿಂತು ಚೌಳಾದ ಗದ್ದೆಯ ಕಬ್ಬಿನ ಬೆಲ್ಲ ಉಪ್ಪುಪ್ಪು. ಯೂರಿಯಾ ಸುರಿದು ಬೆಳೆದ ಕಬ್ಬಿನದು ಕಪ್ಪಾಗುತ್ತದೆ, ಗಟ್ಟಿ ಕಟ್ಟುವುದೂ ಇಲ್ಲ. ಕಡಿದು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬನ್ನು ಅರೆದರೆ ಬೆಲ್ಲ ಅಂಟಂಟು. ಫ್ರೆಂಚರು ಮಣ್ಣಿನ ರುಚಿ ಎಂದು ದೊಡ್ಡದಾಗಿ ಹೇಳುವುದು ಇದನ್ನೇ. ನಮ್ಮ ರೈತರು ಅದನ್ನು ಒಂದೇ ಮಾತಿನಲ್ಲಿ "ಆ ಗದ್ದೆ ಬೆಲ್ಲ ಬರಕ್ಕಿಲ್ಲ ಬುಡಿ" ಎಂದು ಮುಗಿಸುತ್ತಾರೆ.

ಗದ್ದೆಯಿಂದ ಮುಂದಿನದು ಆಲೆಮನೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬರುತ್ತದೆ. ಕೆಳಗೆ ಒಣಗಿದ ರಚ್ಚು ಉರಿಯುತ್ತದೆ. ಹದವಾಗಿ ಸುಣ್ಣದ ತಿಳಿ ಹಾಕುತ್ತಾರೆ, ಹಿಂದಿನವರು ಬೆಂಡೆಗಿಡದ ಕಾಂಡ ಜಜ್ಜಿ ನೀರಿನಲ್ಲಿ ಹಿಸುಕಿ ಲೋಳೆ ತೆಗೆದು ಹುಯ್ಯುತ್ತಿದ್ದರು. ಆ ಲೋಳೆ ಕೊಳೆಯನ್ನೆಲ್ಲ ಬಾಚಿಕೊಂಡು ಮೇಲೆ ಬರುತ್ತದೆ, ಅದನ್ನು ಮಡ್ಡಿಯೆಂದು ಎತ್ತಿ ಬಿಸಾಡುತ್ತಾರೆ. ನೊರೆ ಉಕ್ಕಿದರೆ ನಾಲ್ಕು ಹನಿ ಹರಳೆಣ್ಣೆ. ಪಾಕ ಬಂತೇ ಎಂದು ನೋಡಲು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉರುಳಿಸುತ್ತಾರೆ. ಉಂಡೆ ಗಟ್ಟಿಯಾಗಿ ನಿಂತರೆ ಕೊಪ್ಪರಿಗೆ ಇಳಿಸಬೇಕು. ಒಂದು ನಿಮಿಷ ಮೊದಲಾದರೆ ಬೆಲ್ಲ ಮೆತ್ತಗೆ, ಒಂದು ನಿಮಿಷ ತಡವಾದರೆ ಸೀದು ಕಹಿ. ಥರ್ಮಾಮೀಟರಿಲ್ಲದೆ ಬೆರಳಿನಲ್ಲೇ ಈ ಹದ ಹಿಡಿಯುವವನಿಗೆ ಯಾವ ವೈನ್ ಪಂಡಿತನೂ ಕೈ ಮುಗಿಯಬೇಕು.

ಕೆಡುವುದು ಇಲ್ಲಿಂದ ಮುಂದೆ. ಕೊಳೆ ತೆಗೆಯುವ ಶ್ರಮದ ಬದಲು ಒಂದು ಹಿಡಿ ಹೈಡ್ರೋಸ್ ಹಾಕಿದರೆ ಕಂದು ಪಾಕ ಕಣ್ಣೆದುರೇ ಹಳದಿಯಾಗುತ್ತದೆ. ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಹಾಕುವ ಕಡೆ ಬಳಸುವ ಗಂಧಕದ ಪುಡಿ. ಅದು ಹೋಗಿ ಸೇರುವುದು ನಮ್ಮ ಮಕ್ಕಳ ಹೊಟ್ಟೆಗೆ. ಕಬ್ಬಿಗಿಂತ ಸಕ್ಕರೆ ಅಗ್ಗವೆನಿಸಿದಾಗ ಸಕ್ಕರೆಯನ್ನೇ ಕರಗಿಸಿ ಬೆರೆಸುವವರೂ ಉಂಟು. ಇದಕ್ಕೆಲ್ಲ ಬೆಲ್ಲ ಮಾಡುವವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನನ್ನ ಶಿಷ್ಯೆಯೊಬ್ಬಳ ತಂದೆ ಆಲೆಮನೆ ನಡೆಸುತ್ತಿದ್ದರು. ಏನೂ ಹಾಕದೆ ಮಾಡಿದ ಅವರ ಬೆಲ್ಲ ಬೆಲೆಯಲ್ಲಿ ಯಾವಾಗಲೂ ಹಿಂದೆ. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕೂತಿದೆ: "ಮಂಡಿಲಿ ಬಣ್ಣ ನೋಡ್ತರೆ ಮೇಡಮ್ಮೋರೆ, ಯಾರೂ ಬಾಯ್ಗಾಕ್ಕಳಲ್ಲ. ಮನೇಲಿ ಹೆಂಗಸ್ರು ಹಳದಿ ಕೇಳ್ತರಂತೆ, ನಾವೇನ್ ಮಾಡದು?" ಎರಡು ವರ್ಷದ ನಂತರ ಅವರು ಆಲೆಮನೆ ಮುಚ್ಚಿ ಕಬ್ಬನ್ನು ಕಾರ್ಖಾನೆಗೆ ಹಾಕತೊಡಗಿದರು. ಬೆರಳಿನಲ್ಲಿ ಪಾಕ ಹಿಡಿಯುವ ಒಂದು ಕೈ ಹಾಗೆ ಸುಮ್ಮನಾಯಿತು. ಮನೆಯ ಹೆಂಗಸರು ಎಂದು ಅವರು ಹೇಳಿದ್ದು ನಮ್ಮನ್ನೇ, ಸಹೋದರಿಯರೇ.

ಇದರ ನಡುವೆ ಪೇಟೆಯಲ್ಲಿ ಇನ್ನೊಂದು ಗಾಳಿ ಎದ್ದಿದೆ. ಬೆಲ್ಲ ಕಪ್ಪಗಿದ್ದಷ್ಟೂ ಶುದ್ಧ, ಸಾವಯವ ಎಂದು ಎರಡರಷ್ಟು ಬೆಲೆ ಕೊಟ್ಟು ತರುತ್ತಾರೆ. ಇದೂ ಕಣ್ಣಿನ ಪೂಜೆಯೇ. ಸೀದ ಪಾಕ ಕಪ್ಪು, ಸುಣ್ಣ ಹೆಚ್ಚಾದದ್ದು ಕಪ್ಪು, ಮಡ್ಡಿ ತೆಗೆಯದ್ದು ಕಪ್ಪು, ಕೆಟ್ಟ ಹಳೇ ಬೆಲ್ಲ ಕರಗಿಸಿ ಮತ್ತೆ ಅಚ್ಚು ಹೊಯ್ದದ್ದೂ ಕಪ್ಪು. ಒಳ್ಳೆಯ ಮಣ್ಣಿನಲ್ಲಿ ಬಲಿತ ಕಬ್ಬನ್ನು ಆ ದಿನವೇ ಅರೆದು, ಬೆಂಡೆಯ ಲೋಳೆಯಲ್ಲಿ ಶುದ್ಧಿ ಮಾಡಿದರೆ ಏನೂ ಹಾಕದೆಯೂ ಹೊಂಬಣ್ಣದ ಬೆಲ್ಲ ಬರುತ್ತದೆ. ಹೀಗಾಗಿ ಹಳದಿಯೆಲ್ಲ ಮೋಸವೂ ಅಲ್ಲ, ಕಪ್ಪೆಲ್ಲ ಪುಣ್ಯವೂ ಅಲ್ಲ.

ಮತ್ತೆ ಅಳೆಯುವುದು ಹೇಗೆ? ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು, ಅಂಕ ಹಂಚದೆ ಸಮಾಧಾನವಿಲ್ಲ. ನೂರು ಅಂಕದಲ್ಲಿ ಬಣ್ಣಕ್ಕೆ ನಾನು ಕೊಡುವುದು ಹತ್ತೇ. ಒಡೆದ ಮುಖಕ್ಕೆ ಹದಿನೈದು: ಅಚ್ಚನ್ನು ಎರಡು ಹೋಳು ಮಾಡಿದರೆ ಒಳಗೆ ಸಣ್ಣ ಹರಳುಗಳು ಮಿನುಗಬೇಕು, ಕೈಗೆ ಅಂಟಬಾರದು. ವಾಸನೆಗೆ ಹದಿನೈದು: ಆಲೆಮನೆಯ ಹೊಗೆ, ಕಬ್ಬಿನ ಹಸಿ ಪರಿಮಳ ಎರಡೂ ತಿಳಿಯಾಗಿ ಬರಬೇಕು. ಗಂಧಕದ ಘಾಟು ಬಂದರೆ ಸೊನ್ನೆ. ನಾಲಗೆಗೆ ಮೂವತ್ತು. ಚೂರನ್ನು ಕಡಿಯದೆ ನಾಲಗೆಯ ಮೇಲಿಟ್ಟು ಕರಗಲು ಬಿಡಬೇಕು. ಮೊದಲು ಸಿಹಿ, ಆಮೇಲೆ ತುಸು ಹುಳಿ, ಕೊನೆಗೆ ಗಂಟಲಿನ ಹತ್ತಿರ ಬೆಚ್ಚಗಿನ ಕಾರದ ಎಳೆ, ಇದು ಒಳ್ಳೆಯ ಬೆಲ್ಲ. ಸಿಹಿಯೊಂದೇ ಚುಚ್ಚಿ ಮಾಯವಾದರೆ ಸಕ್ಕರೆ ಬೆರೆತಿದೆಯೆಂದು ಅನುಮಾನಿಸಿ. ಕೊನೆಗೆ ಉಪ್ಪು ಉಳಿದರೆ ಮಣ್ಣಿನ ಅಥವಾ ಪುಡಿಯ ದೋಷ, ಕಹಿ ಉಳಿದರೆ ಒಲೆಯ ದೋಷ. ನೀರಿನಲ್ಲಿ ಕರಗಿಸಿ ಗಸಿ ನೋಡುವುದಕ್ಕೆ ಹತ್ತು. ಉಳಿದ ಇಪ್ಪತ್ತು ಅಂಕ ಕಾಲಕ್ಕೆ ಮೀಸಲು.

ಒಂದು ಸಂಕ್ರಾಂತಿಗೆ ಎಳ್ಳುಬೆಲ್ಲದ ನೆಪದಲ್ಲಿ ನಾಲ್ಕು ಕಡೆಯ ಅಚ್ಚು ಬೆಲ್ಲ ತರಿಸಿದೆ. ನಾದಿನಿ, ಪಕ್ಕದ ಮನೆಯ ಇಬ್ಬರು, ಎಂಬತ್ತು ದಾಟಿದ ಅತ್ತೆ, ಎಲ್ಲರಿಗೂ ಕಣ್ಣು ಮುಚ್ಚಿಸಿ ಒಂದೊಂದು ಚೂರು ಕೈಗೆ ಕೊಟ್ಟೆ. ಕಣ್ಣು ತೆರೆದಿದ್ದಾಗ ಮೂವರು ಹೆಂಗಸರು ಮೆಚ್ಚಿದ್ದು ಶ್ರೀರಂಗಪಟ್ಟಣದ ಅಂಗಡಿಯಿಂದ ತಂದ ನಿಂಬೆ ಬಣ್ಣದ ಬೆಲ್ಲವನ್ನು. ಕಣ್ಣು ಮುಚ್ಚಿದಾಗ ಅದೇ ಕೊನೆಗೆ ಹೋಯಿತು. ಅತ್ತೆ ಅದನ್ನು ಬಾಯಿಗಿಟ್ಟು, "ಇದ್ಯಾಕವ್ವ ಬಟ್ಟೆ ಸೋಡದಂಗೆ ಐತೆ" ಎಂದು ಉಗಿದರು. ಕೃಷ್ಣರಾಜಪೇಟೆ ಕಡೆಯ ಹೊಂಬಣ್ಣದ ಅಚ್ಚಿಗೆ ನಾನು ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟೆ. ನಾಗಮಂಗಲದ್ದು ಕಂದು, ಒರಟು, ಕೊನೆಯಲ್ಲಿ ಒಂದಿಷ್ಟು ಉಪ್ಪು, ಆದರೆ ಬಾಯಲ್ಲಿ ಬಹಳ ಹೊತ್ತು ನಿಂತಿತು. ಅದಕ್ಕೆ 70. ಪಾಂಡವಪುರದ ಕಡೆಯಿಂದ ಸಾವಯವವೆಂದು ಬಂದ ಕಡುಗಪ್ಪು ಅಚ್ಚು ಸೀದು ಕಹಿಯಾಗಿತ್ತು, 48ರಲ್ಲಿ ಪಾಸಾಯಿತು. ಅಂಗಡಿಯ ಹಳದಿಗೆ 26. ಇದು ನಾಲ್ಕು ತಾಲ್ಲೂಕುಗಳ ಮೇಲಿನ ತೀರ್ಪೆಂದು ಯಾರೂ ಭಾವಿಸಬಾರದು, ಆ ದಿನದ ನಾಲ್ಕು ಅಚ್ಚುಗಳ ಮೇಲಿನ ತೀರ್ಪು. ಮುಂದಿನ ವರ್ಷ ಬೇರೆ ಗದ್ದೆ, ಬೇರೆ ಕೈ, ಬೇರೆ ಅಂಕ. ವೈನಿನವರು ಬಾಟಲಿಯ ಮೇಲೆ ವರ್ಷ ನಮೂದಿಸುವುದು ಅದಕ್ಕೇ.

ಇನ್ನು ಕಾಲದ ಇಪ್ಪತ್ತು ಅಂಕ. ನಾಲ್ಕರಿಂದಲೂ ಒಂದೊಂದು ಹೋಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಆಷಾಢ ಕಳೆದ ಮೇಲೆ ತೆಗೆದೆ. ಪುಡಿ ಹಾಕಿ ಬಿಳುಪಿಸಿದ ಬೆಲ್ಲದ ಬಣ್ಣ ನಿಲ್ಲುವುದಿಲ್ಲ. ಹಳದಿ ಅಚ್ಚು ಮಾಸಲು ಬೂದಿಯಾಗಿ, ಬೆವೆತು, ಡಬ್ಬಿಯ ತಳದಲ್ಲಿ ನೀರು ಬಿಟ್ಟಿತ್ತು. ಕೃಷ್ಣರಾಜಪೇಟೆಯದು ಒಂದು ಛಾಯೆ ಕಪ್ಪಾಗಿತ್ತು, ರುಚಿ ಇನ್ನೂ ದುಂಡಗಾಗಿತ್ತು. ನಾಗಮಂಗಲದ್ದರ ಒರಟು ತಗ್ಗಿತ್ತು. ಆ ಬೆಲ್ಲದಲ್ಲಿ ದೀಪಾವಳಿಗೆ ಕಜ್ಜಾಯ ಮಾಡಿದೆ, ಎಣ್ಣೆಯಲ್ಲಿ ಒಂದೂ ಒಡೆಯಲಿಲ್ಲ. ಬೋರ್ಡೋವಿನ ನೆಲಮಾಳಿಗೆಯಲ್ಲಿ ನಡೆಯುವ ಪರೀಕ್ಷೆಯೇ ನಮ್ಮ ಡಬ್ಬಿಯಲ್ಲೂ ನಡೆಯಿತು. ಒಳಗೆ ಸತ್ವವಿದ್ದದ್ದು ಮಾಗಿತು, ಬಣ್ಣ ಬಳಿದುಕೊಂಡದ್ದು ಬಯಲಾಯಿತು.

ಅತ್ತೆಯವರಂಥವರ ನಾಲಗೆ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಅವರು ಬೆಲ್ಲ ಬಾಯಿಗಿಟ್ಟು ಏನೆನ್ನುತ್ತಾರೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಒಗರು, ಕಟು, ಘಾಟು, ಸೀಕು, ಜಿಗುಟು, ಕಮಟು ಎಂದು ಅವರ ಬಾಯಲ್ಲಿರುವ ಒಂದೊಂದು ಮಾತಿಗೂ ಒಂದೊಂದು ಅರ್ಥವಿದೆ. ಫ್ರೆಂಚರ ವಿದ್ಯೆ ದೊಡ್ಡದಾದದ್ದು ಅವರ ನಾಲಗೆ ನಮ್ಮದಕ್ಕಿಂತ ಉದ್ದವಾಗಿದ್ದರಿಂದ ಅಲ್ಲ, ಕೇಳಿದ್ದನ್ನು, ತಿಂದದ್ದನ್ನು ಬರೆದಿಟ್ಟಿದ್ದರಿಂದ.

ಮುಂದಿನ ಸಲ ಬೆಲ್ಲ ಕೊಳ್ಳುವಾಗ ಅಂಗಡಿಯವರಿಂದ ಒಂದು ಚೂರು ಕೇಳಿ ಬಾಯಿಗಿಟ್ಟುಕೊಳ್ಳಿ, ಸಂಕೋಚ ಬೇಡ. ರೇಷ್ಮೆ ಸೀರೆಯ ಸೆರಗನ್ನು ಹತ್ತು ಸಲ ತಿರುವಿ ನೋಡುವ ನಮಗೆ ಹೊಟ್ಟೆಗೆ ಹೋಗುವ ಪದಾರ್ಥದ ಮುಂದೆ ನಾಚಿಕೆ ಯಾಕೆ? ಮೆಚ್ಚಿಗೆಯಾದರೆ ಯಾವ ಊರಿನ ಆಲೆಮನೆಯದು ಎಂದು ಕೇಳಿ, ಮರುವರ್ಷ ಅದನ್ನೇ ಕೊಡಿ ಎನ್ನಿ. ಮಂಡಿಯವರು ಬಣ್ಣ ನೋಡುವುದು ನಾವು ಬಣ್ಣ ಕೇಳುತ್ತೇವೆಂದು. ನಾವು ರುಚಿ ಕೇಳತೊಡಗಿದರೆ ಅವರೂ ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಲೇಬೇಕಾಗುತ್ತದೆ. ಆಗ ಬೆಂಡೆಗಿಡ ಜಜ್ಜುವವನ ಶ್ರಮಕ್ಕೂ ಕಾಸು ಹುಟ್ಟೀತು, ಇನ್ನೊಂದು ಆಲೆಮನೆಯ ಒಲೆ ಆರದೆ ಉಳಿದೀತು.